ಚಿಂತಮಾನಹಳ್ಳಿ ಎನ್ನತಕ್ಕದ್ದು

೪ ಮಾರ್ಚ್ ೨೦೦೮, ಮಂಗಳವಾರ

ಇಂದು ನಾನು ವಿಶ್ವಕೋಶದ ಲೇಖಕನಾದೆ. ಸಂದರ್ಶನ ಇಲ್ಲ, ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಕದಿರೇಶನ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಒಂದು ಹೆಸರು, ಒಂದು ಗುಟ್ಟಿನ ಪದ ಕೊಟ್ಟರೆ ಮುಗಿಯಿತು, ಜಗತ್ತಿನ ಜ್ಞಾನವನ್ನೆಲ್ಲ ತಿದ್ದುವ ಅಧಿಕಾರ ಬಂದುಬಿಡುತ್ತದೆ. ಮುಳಬಾಗಿಲು ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಸಂಚಾರ ನಿಯಂತ್ರಕನಾಗಿ, ಅಂದರೆ ಟೀಸಿಯಾಗಿ, ತಲೆ ಬೆಳ್ಳಗಾಗುವವರೆಗೆ ಕೂತಿದ್ದವನು ನಾನು. ನಂಗಲಿ ಬಸ್ಸನ್ನು ಐದು ನಿಮಿಷ ಮೊದಲು ಬಿಡಬೇಕಾದರೂ ಡಿಪೋದವರ ಅಪ್ಪಣೆ ಬೇಕಿತ್ತು. ಇಲ್ಲಿ ಯಾರ ಅಪ್ಪಣೆಯೂ ಬೇಡ.

"ಏನ್ ಹೆಸ್ರು ಇಡ್ಲಿ ಟೀಸಿ ಸಾರ್?" ಎಂದ ಕದಿರೇಶ. ಸುಬ್ಬರಾಯಪ್ಪ ಎಂಬ ಹೆಸರಿನಲ್ಲಿ ಆಗಲೇ ಇನ್ನೊಬ್ಬ ಇದ್ದಾನಂತೆ. ‘ನಿಯಂತ್ರಕ’ ಎಂದು ಇಟ್ಟುಕೊಂಡೆ. ತೂಕವಾಗಿದೆ.

ಈ ವಿಶ್ವಕೋಶವನ್ನು ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಸಂಬಳ ಮಾತ್ರ ಯಾರಿಗೂ ಇಲ್ಲ. ಕನ್ನಡದಲ್ಲಿಯೇ ಇದೆ. ಎಲ್ಲಿಯದೋ ಜ್ವಾಲಾಮುಖಿ ಇದೆ, ನನ್ನ ಹೆಂಡತಿ ಮುತ್ಯಾಲು ಹುಟ್ಟಿದ ಊರು ಇಲ್ಲ. ಹುಡುಕಿದರೆ ‘ಈ ಪುಟ ಇಲ್ಲ, ನೀವೇ ಸೃಷ್ಟಿಸಬಹುದು’ ಎಂದಿತು. ಸೃಷ್ಟಿಸಿದೆ. ‘ಚಿಂತಮಾನಹಳ್ಳಿಯು ಮುಳಬಾಗಿಲು ತಾಲ್ಲೂಕಿನಲ್ಲಿ ನಂಗಲಿಗೆ ಸಮೀಪ, ಆಂಧ್ರದ ಗಡಿಗೆ ತಾಗಿದಂತಿರುವ ಗ್ರಾಮ. ಇಲ್ಲಿ ಶ್ರೀಮತಿ ಮುತ್ಯಾಲಮ್ಮನವರು ಜನಿಸಿದರು.’ ಎರಡು ವಾಕ್ಯಕ್ಕೆ ಒಂದು ಬೆಳಿಗ್ಗೆ ಪೂರ್ತಿ ಹೋಯಿತು. ಹೋಗಲಿ, ಅವಳು ಇಲ್ಲದ ಮೇಲೆ ಬೆಳಗಿನ ಹೊತ್ತು ಹೇಗೂ ಹೋಗುತ್ತಿರಲಿಲ್ಲ.

ಅವಳ ತಮ್ಮ ಗಂಗುಲಪ್ಪ ಇದನ್ನು ನೋಡಬೇಕಿತ್ತು. ಹೋದ ವರ್ಷ ಅವಳ ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ ‘ಚಿಂತಮಾನಹಳ್ಳಿಯ ಮಗಳು’ ಎಂದು ಅಚ್ಚಾಗಿದ್ದಕ್ಕೆ, ಅದು ಹಳ್ಳಿಯಲ್ಲ, ಚಿಂತಮಾನುಪಲ್ಲಿ ಎಂದು ಜಗಳ ತೆಗೆದು, ಹೆಂಡತಿಯನ್ನೂ ಎಬ್ಬಿಸಿಕೊಂಡು ಎಲೆಯ ಮುಂದಿನಿಂದ ಎದ್ದು ಹೋದ. ಆಮೇಲೆ ಈ ಕಡೆ ತಲೆ ಹಾಕಿಲ್ಲ. ಒಂದು ಅಕ್ಷರಕ್ಕೆ ಊಟ ಬಿಡುವ ಜನ.

೬ ಮಾರ್ಚ್, ಗುರುವಾರ

ಪುಟದ ಮೇಲೆ ಯಾರೋ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದಾರೆ: ದಿಸ್ ಆರ್ಟಿಕಲ್ ಈಸ್ ಎ ಸ್ಟಬ್. ಇನ್ನೂ ಬೆಳೆಸಬೇಕಾದ ಚುಟುಕು ಲೇಖನ ಎಂದರ್ಥ ಎಂದ ಕದಿರೇಶ. ನನಗೆ ಗೊತ್ತಿಲ್ಲವೇ, ಸ್ಟಬ್ ಎಂದರೆ ಸೇದಿ ಎಸೆದ ಸಿಗರೇಟಿನ ತುಂಡು. ಕೋಲಾರದಲ್ಲಿ ಬಿ.ಎ. ಓದುವಾಗ ಹಾಸ್ಟೆಲ್ ವಾರ್ಡನ್ನರು ಆ ಪದವನ್ನು ನಮ್ಮ ಮುಖಕ್ಕೇ ಪ್ರಯೋಗಿಸಿದ್ದರು, ಮರೆಯುವಂಥದ್ದಲ್ಲ. ನನ್ನ ಹೆಂಡತಿಯ ಊರು ಇವರಿಗೆ ಬೀಡಿ ತುಂಡು.

ಕೆಳಗೆ ನೋಡಿದರೆ ಮುತ್ಯಾಲುವಿನ ವಾಕ್ಯವೇ ಇಲ್ಲ. ಅಳಿಸಿದವನ ಹೆಸರು ‘ಸಮಚಿತ್ತ’. ನಿರ್ವಾಹಕನಂತೆ, ಅಂದರೆ ಇಲ್ಲಿಯ ಡಿಪೋ ಮ್ಯಾನೇಜರ್. ಕಾರಣ ಬರೆದಿದ್ದಾನೆ: ‘ವ್ಯಕ್ತಿಗೆ ಗಮನಾರ್ಹತೆ ಇಲ್ಲ.’

ಪ್ರತಿ ಪುಟದ ಹಿಂದೆ ಒಂದು ಚರ್ಚೆ ಪುಟ ಇರುತ್ತದೆ, ಜಗಳವಾಡುವವರು ಅಲ್ಲಿ ಆಡಿಕೊಳ್ಳಬೇಕು. ‘ಸ್ವಾಮಿ, ನಿಮ್ಮ ಮನೆಯ ಹೆಂಗಸರ ಗಮನಾರ್ಹತೆಯನ್ನು ಅಳೆದವರು ಯಾರು?’ ಎಂದು ಬರೆದೆ. ನಾನು ಮಸಾಲೆ ಪುರಿ ತಿಂದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಸದ್ಭಾವನೆ ಇಟ್ಟುಕೊಳ್ಳಬೇಕಂತೆ. ಸೌಜನ್ಯದ ನಿಯಮ ಓದಬೇಕಂತೆ. ನನ್ನ ಹೆಸರು ‘ನಿಯಂತ್ರಕ’ ಎಂದಿರುವುದು ಓದುಗರಲ್ಲಿ ಅಧಿಕಾರದ ಭ್ರಮೆ ಹುಟ್ಟಿಸುತ್ತದಂತೆ. ಭ್ರಮೆಗೆ ಯಾರಾದರೂ ಪಿಂಚಣಿ ಕೊಡುತ್ತಾರೆಯೇ ಎಂದು ಕೇಳಿದೆ. ಸದ್ಭಾವನೆ ಇಟ್ಟುಕೊಂಡೇ ಕೇಳಿದೆ.

೧೩ ಮಾರ್ಚ್, ಗುರುವಾರ

ರಾತ್ರೋರಾತ್ರಿ ಊರಿನ ಹೆಸರೇ ಹೋಗಿದೆ. ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಚಿಂತಮಾನುಪಲ್ಲಿ’. ಮಾಡಿದವನು ‘ಚಿಂತಗಿಂಜ’ ಎಂಬ ಒಬ್ಬ. ತೆಲುಗಿನಲ್ಲಿ ಹಾಗೆಂದರೆ ಹುಣಸೆಬೀಜ. ಎಂಥೆಂಥವರು ಜ್ಞಾನ ಹಂಚುತ್ತಾರೆ.

ಯಾರಿರಬಹುದು? ಗಂಗುಲಪ್ಪ ಅಲ್ಲ, ಅವನು ಮಾವಿನಕಾಯಿ ಎಣಿಸುವುದನ್ನೂ ಆಳಿಗೆ ಬಿಡುತ್ತಾನೆ. ಇದು ಅಮೆರಿಕದಲ್ಲಿ ಕೂತು ಊರಿನ ಮೇಲೆ ಪ್ರೀತಿ ಉಕ್ಕಿಸಿಕೊಂಡ ಯಾವನೋ ಇರಬೇಕು.

ಅವನಿಗೆ ತಿಳಿಯುವಂತೆ ಬರೆದೆ: ‘ಹಳಗನ್ನಡದ ಪಕಾರವು ಹಕಾರವಾಗಿ ಎಷ್ಟೋ ಶತಮಾನಗಳಾದವು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ನಿಮ್ಮ ಊರಿಗೆ ಮಾತ್ರ ಬಸ್ಸು ತಪ್ಪಿತೇ?’ ಕಾಲೇಜಿನಲ್ಲಿ ಕಲಿತದ್ದು ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು.

ಮಧ್ಯಾಹ್ನ ಹೋಗಿ ನೋಡಿದರೆ ಒಂದೇ ಸಾಲಿನ ಉತ್ತರ: ‘ಹಾಗಾದರೆ ನಿಮ್ಮ ಅಪ್ಪನನ್ನು ಅಹ್ಹ ಎಂದು ಕರೆಯಿರಿ.’

ಕದಿರೇಶ ಪಕ್ಕದಿಂದ ಬಗ್ಗಿ ಓದಿ ನಕ್ಕ. ಇನ್ನು ಮೇಲೆ ಗೋಡೆ ಕಡೆಯ ಕಂಪ್ಯೂಟರಿನಲ್ಲಿ ಕೂರಬೇಕು.

೧೮ ಮಾರ್ಚ್, ಮಂಗಳವಾರ

ಹಳ್ಳಿ ಮಾಡಿದೆ. ಅವನು ಪಲ್ಲಿ ಮಾಡಿದ. ಹಳ್ಳಿ ಮಾಡಿದೆ. ಪಲ್ಲಿ. ಹಳ್ಳಿ. ಕೊನೆಗೆ ಸಮಚಿತ್ತ ಬಂದು, ಒಂದೇ ದಿನ ಮೂರಕ್ಕಿಂತ ಹೆಚ್ಚು ಸಲ ಹಿಂದೆ ತಿರುಗಿಸಕೂಡದೆಂದು ಇಬ್ಬರ ಕಿವಿಯನ್ನೂ ಹಿಂಡಿ ಹೋದ. ಹಾಗೆಂದರೆ ದಿನಕ್ಕೆ ಮೂರು ಸಲ ತಪ್ಪು ಮಾಡಲು ಪರವಾನಗಿ ಇದೆ. ಬೆಳಿಗ್ಗೆ ಎರಡು, ಸಂಜೆಗೆ ಒಂದು ಉಳಿಸಿಕೊಳ್ಳಬಹುದು.

೨೭ ಮಾರ್ಚ್, ಗುರುವಾರ

ಸಮಚಿತ್ತ ಇಂಗ್ಲಿಷಿನಲ್ಲಿ ‘ನೋ ಕನ್ಸೆನ್ಸಸ್’ ಎಂದು ಬರೆದಿದ್ದ. ಸೆನ್ಸಸ್ ಎಂದರೆ ಜನಗಣತಿ, ಕನ್ ಎಂದರೆ ಕೂಡಿ. ನಾನು ವಿವರವಾಗಿ ಉತ್ತರ ಕೊಟ್ಟೆ: ‘ತಾವು ಆಗಿಲ್ಲ ಎಂದಿರುವುದು ಸರಿಯಲ್ಲ. ೨೦೦೧ರಲ್ಲಿ ಆಗಿದೆ. ನಮ್ಮ ಬೀದಿಗೂ ಬಂದಿದ್ದರು, ನನ್ನ ಹೆಂಡತಿ ಅವರಿಗೆ ಮಜ್ಜಿಗೆ ಕೊಟ್ಟಳು.’

ಚಿಂತಗಿಂಜ ಅದರ ಕೆಳಗೆ ಬರೆದಿದ್ದಾನೆ: ‘ನಿಯಂತ್ರಕರೇ, ಅದು ಒಮ್ಮತ. ಜನಗಣತಿ ಅಲ್ಲ.’ ಅಷ್ಟೇ. ನಗಲೂ ಇಲ್ಲ, ಹಂಗಿಸಲೂ ಇಲ್ಲ. ಇದು ಇನ್ನೂ ಕೆಟ್ಟದ್ದು.

ಇನ್ನು ಆಧಾರದ ವಿಷಯ. ಬರೆದದ್ದಕ್ಕೆಲ್ಲ ಆಧಾರ ಕೊಡಬೇಕಂತೆ. ನಾನು ಬಸ್ಸಿನ ಬೋರ್ಡು ಕೊಟ್ಟೆ. ಸರ್ಕಾರದ ಬಸ್ಸು, ಸರ್ಕಾರದ ಬಣ್ಣ, ಹಳ್ಳಿ ಎಂದು ಸ್ಪಷ್ಟವಾಗಿದೆ. ‘ಬಸ್ ಬೋರ್ಡು ವಿಶ್ವಾಸಾರ್ಹ ಮೂಲವಲ್ಲ’ ಎಂದ ಸಮಚಿತ್ತ. ಅದನ್ನು ನಂಬಿ ದಿನಾ ಸಾವಿರಾರು ಜನ ಪ್ರಾಣ ಕೈಯಲ್ಲಿ ಹಿಡಿದು ಹತ್ತುತ್ತಾರೆ, ಇವನಿಗೆ ಮಾತ್ರ ನಂಬಿಕೆಯಿಲ್ಲ. ಚಿಂತಗಿಂಜ ‘ಊರಿನವರೆಲ್ಲ ಹಾಗೇ ಅನ್ನುತ್ತಾರೆ’ ಎಂದಿದ್ದಕ್ಕೆ ಅದು ಸ್ವಂತ ಸಂಶೋಧನೆ, ಸಲ್ಲದು ಎಂದ. ಊರಿನ ಹೆಸರು ಊರಿನವರ ಬಾಯಲ್ಲಿ ಇದ್ದರೆ ಸಂಶೋಧನೆ, ದೂರದವರು ಅಚ್ಚು ಹಾಕಿಸಿದರೆ ಜ್ಞಾನ.

ಇದರ ಮಧ್ಯೆ ‘ನುಡಿಕಾವಲು’ ಎಂಬ ಮೂರನೆಯವನು ಬಂದ. ಅವನ ಪ್ರಕಾರ ಊರಿನವರು ಯಾವಾಗಲೂ ಚಿಂತೆ ಮಾಡುತ್ತಿದ್ದುದರಿಂದ ಈ ಹೆಸರು. ಚಿಂತ ಎಂದರೆ ತೆಲುಗಿನಲ್ಲಿ ಹುಣಸೆ ಕಣಯ್ಯಾ, ಮಾನು ಎಂದರೆ ಮರ ಎಂದು ನಾನೂ ಬರೆದೆ, ಚಿಂತಗಿಂಜನೂ ಬರೆದ. ಒಂದೇ ಗಳಿಗೆಯಲ್ಲಿ, ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ. ನುಡಿಕಾವಲು ಸುಮ್ಮನಾಗಲಿಲ್ಲ, ಹಾಗಿದ್ದರೆ ಶುದ್ಧ ಕನ್ನಡದಲ್ಲಿ ‘ಹುಣಸೆಮರದಹಳ್ಳಿ’ ಎಂದಿಡಿ ಎಂದ. ಇಬ್ಬರೂ ಸೇರಿ ಓಡಿಸಿದೆವು. ಆಮೇಲೆ ನಮ್ಮ ಜಗಳ ಮುಂದುವರಿಯಿತು.

೧೦ ಏಪ್ರಿಲ್, ಗುರುವಾರ

ಯುಗಾದಿಯಿಂದ ಚಿಂತಗಿಂಜನ ಸುಳಿವಿಲ್ಲ. ಪುಟ ಹಳ್ಳಿ ಎಂದೇ ನಿಂತಿದೆ. ಸಂತೋಷ. ಅದನ್ನು ಖಚಿತಪಡಿಸಿಕೊಳ್ಳಲು ನಿನ್ನೆ ಒಂದು ಸಲ, ಇಂದು ಎರಡು ಸಲ ಹೋಗಿ ಬಂದೆ.

"ಯಾಕ್ ಸಾರ್, ಡಲ್ ಆಗಿದ್ದೀರ?" ಎಂದ ಕದಿರೇಶ. ಬಿಸಿಲು ಎಂದೆ.

೧೫ ಏಪ್ರಿಲ್, ಮಂಗಳವಾರ

ಬಂದಿದ್ದಾನೆ. ಹೆಸರನ್ನು ಪಲ್ಲಿ ಮಾಡಿದ್ದಲ್ಲದೆ, ಕೆಳಗೆ ಒಂದು ಪ್ಯಾರಾ ಬೇರೆ ಸೇರಿಸಿದ್ದಾನೆ. ಊರ ಬಾಗಿಲಿನ ಹುಣಸೆಮರ, ಅದರ ಕೆಳಗೆ ಹಾಲಿನ ಡೈರಿ, ಮೆಟ್ಟಿಲು ಬಾವಿ, ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ ಎಂಬ ಖ್ಯಾತಿ. ಬೇಳೆಯ ಮಾತು ನಿಜ. ಮುತ್ಯಾಲು ಮದುವೆಯಾದ ಹೊಸದರಲ್ಲಿ ಮುಳಬಾಗಿಲಿನ ನೀರನ್ನು ಬೈಯುತ್ತಿದ್ದಳು.

‘ಮೆಟ್ಟಲು’ ಎಂದು ಬರೆದಿದ್ದ, ‘ಮೆಟ್ಟಿಲು’ ಎಂದು ತಿದ್ದಿದೆ. ಬೇಳೆಗೆ ಆಧಾರ ಕೇಳುತ್ತಾರೆಂದು, ‘ಎಂದು ಸ್ಥಳೀಯರು ನಂಬುತ್ತಾರೆ’ ಎಂದು ಸೇರಿಸಿದೆ. ಹಾಗೆ ಹೇಳಿದರೆ ಯಾವ ಸುಳ್ಳೂ ನಿಲ್ಲುತ್ತದೆ, ಇಲ್ಲಿಗೆ ಬಂದು ಕಲಿತ ವಿದ್ಯೆ. ಹೆಸರನ್ನು ಹಳ್ಳಿ ಮಾಡಲು ಹೊತ್ತಾಗಿತ್ತು, ಗುರುವಾರಕ್ಕೆ ಬಿಟ್ಟೆ.

ರಾತ್ರಿ ಬೇಳೆ ಬೇಯಿಸಿದೆ. ಬೇಯಲಿಲ್ಲ. ಪಲ್ಲಿಯ ನೀರೇ ಬೇಕು.

೬ ಮೇ, ಮಂಗಳವಾರ

ಹೊರಗೆಲ್ಲ ಚುನಾವಣೆಯ ಗಲಾಟೆ. ಆಟೋಗಳು ಮೈಕು ಕಟ್ಟಿಕೊಂಡು ಒಬ್ಬನ ಹೆಸರು ಕೂಗುವಷ್ಟರಲ್ಲಿ ಇನ್ನೊಬ್ಬನದು ಬರುತ್ತದೆ. ನಾನೂ ಚರ್ಚೆ ಪುಟದಲ್ಲಿ ಓಟು ಹಾಕಿಸೋಣ ಎಂದೆ. ಸಮಚಿತ್ತ ಹೇಳಿದ: ‘ಇಲ್ಲಿ ಮತದಾನವಿಲ್ಲ. ಒಮ್ಮತ ಮಾತ್ರ.’ ಒಮ್ಮತ ಎಂದರೆ ಎಲ್ಲರೂ ಸುಸ್ತಾಗುವವರೆಗೆ ಕಾದು, ಕೊನೆಯಲ್ಲಿ ಎಚ್ಚರವಿರುವವನ ಮಾತು ನಡೆಯುವುದು.

ಅದಾದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾನೆ. ಈ ತಿಂಗಳ ಇಪ್ಪತ್ತೆಂಟನೇ ತಾರೀಕು ಬುಧವಾರದೊಳಗೆ ಒಂದು ಹೆಸರು ನಿಲ್ಲದಿದ್ದರೆ ಪುಟವನ್ನೇ ತೆಗೆದು, ತಾಲ್ಲೂಕಿನ ಗ್ರಾಮಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸುತ್ತಾನಂತೆ. ಮರ, ಬಾವಿ, ಬೇಳೆ ಯಾವುದೂ ಇರುವುದಿಲ್ಲ.

ಚಿಂತಗಿಂಜ ಬರೆದಿದ್ದಾನೆ: ‘ನಿಯಂತ್ರಕರೇ, ಒಪ್ಪಿಕೊಳ್ಳಿ. ಪುಟ ಹೋಗುತ್ತದೆ.’ ‘ನೀವು ಒಪ್ಪಿಕೊಳ್ಳಿ’ ಎಂದು ಬರೆದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಮಾವಿನಕಾಯಿ ಚಿತ್ರಾನ್ನಕ್ಕೆ ಉಪ್ಪು ಹೆಚ್ಚಾಗಿತ್ತು, ಅದಕ್ಕೆ.

೮ ಮೇ, ಗುರುವಾರ

ನನ್ನನ್ನು ಹೊರಗೆ ಹಾಕಿದ್ದಾರೆ. ಏನು ಬರೆಯಲು ಹೋದರೂ ಕೆಂಪು ಚೌಕ. ‘ನಿಯಂತ್ರಕ ಮತ್ತು ಚಿಂತಗಿಂಜ ಖಾತೆಗಳೆರಡೂ ಒಂದೇ ಜಾಲ ವಿಳಾಸದಿಂದ ಬರುತ್ತಿವೆ. ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿ ತನ್ನೊಡನೆ ತಾನೇ ವಾದಿಸುತ್ತಿರುವುದು ಸ್ಪಷ್ಟ.’ ಕೆಳಗೆ ಇಂಗ್ಲಿಷಿನಲ್ಲಿ: ಸಾಕ್ ಪಪೆಟ್. ಕಾಲುಚೀಲದ ಬೊಂಬೆ. ನಾನು ಕಾಲುಚೀಲ ಹಾಕುವುದನ್ನು ಬಿಟ್ಟೇ ನಾಲ್ಕಾರು ವರ್ಷವಾಯಿತು.

ಎಂಟು ಸಲ ಓದಿದೆ. ತನ್ನೊಡನೆ ತಾನೇ ವಾದಿಸುವವನು. ಹೆಂಡತಿ ಇಲ್ಲದ ಮನೆಯಲ್ಲಿ ಯಾರು ಮಾಡುವುದಿಲ್ಲ? ಆದರೆ ಅಹ್ಹ ಎಂದು ಹಂಗಿಸಿದವನು ನಾನಲ್ಲ, ಆ ಚುರುಕು ನನಗಿಲ್ಲ.

"ಒಂದೇ ವಿಳಾಸ ಅಂದ್ರೆ ಏನೋ?" ಎಂದು ಕದಿರೇಶನನ್ನು ಕೇಳಿದೆ.

"ನಮ್ ಸೆಂಟ್ರಿಗೆಲ್ಲ ಒಂದೇ ಲೈನು ಸಾರ್. ಯಾರ್ ಕೂತ್ರೂ ಹೊರಗಡೆಗೆ ಒಬ್ರೇ ಕಾಣ್ತಾರೆ."

"ಹಂಗಾದ್ರೆ ಆ ಹುಣಸೆಬೀಜ ಇಲ್ಲಿಗೇ ಬರ್ತಾನಾ?"

"ಯಾರು, ಪಲ್ಲಿ ಪಲ್ಲಿ ಅಂತ ಬಡ್ಕೊಳ್ಳೋರಾ? ಬುಧವಾರ ತಪ್ಪಲ್ಲ, ಮಿಕ್ಕ ದಿನಾನೂ ಬಿಡುವಾದಾಗ ಬರ್ತಾರೆ. ನೀವು ಗೋಡೆ ಕಡೆ ತಿರುಗಿದ್ರೆ ಅವ್ರು ಆ ಮೂಲೇಲಿ. ನೀವಿಬ್ರೂ ಜೊತೇಲಿ ಏನೋ ಕೆಲ್ಸ ಮಾಡ್ತಿದ್ದೀರ ಅಂದ್ಕೊಂಡಿದ್ದೆ ಸಾರ್."

ಮುಳಬಾಗಿಲಿನಲ್ಲಿಯೇ. ಅಮೆರಿಕವಂತೆ.

೧೪ ಮೇ, ಬುಧವಾರ

ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಶತ್ರುವಿನ ಮುಂದೆ ಹೇಗೆ ಹೇಗೋ ನಿಲ್ಲಬಾರದು.

ಮೂಲೆಯ ಗೂಡಿನಲ್ಲಿ ಹೆಂಗಸೊಬ್ಬಳ ಬೆನ್ನು. ಪಕ್ಕದಲ್ಲಿ ಹಾಲಿನ ಡೈರಿಯ ಚೀಲ. ತಿರುಗಿದಳು. ಆದಿಲಕ್ಷ್ಮಿ. ಗಂಗುಲಪ್ಪನ ಹೆಂಡತಿ, ಅವರೂರಿನ ಹೆಂಗಸರ ಡೈರಿಯ ಕಾರ್ಯದರ್ಶಿ.

"ಅಣ್ಣ, ನಿಯಂತ್ರಕ ನೀವೇನಾ?"

"ಚಿಂತಗಿಂಜ ನೀನೇನಾ?"

"ಗೊತ್ತಾಗ್ಬೇಕಿತ್ತು ನಂಗೆ. ಇಷ್ಟು ಮೊಂಡು ತಾಲ್ಲೂಕಲ್ಲಿ ಇನ್ಯಾರಿಗಿದೆ."

"ನಾನು ಯಾವನೋ ಅಮೆರಿಕಾದೋನು ಅಂದ್ಕೊಂಡಿದ್ದೆ."

"ನಾನು ಮೈಸೂರು ಕಡೆ ಪಂಡಿತ್ರು ಅಂದ್ಕೊಂಡಿದ್ದೆ. ಆ ಜನಗಣತಿ ನೋಡಿದ್ಮೇಲೆ ಸ್ವಲ್ಪ ಅನುಮಾನ ಬಂತು."

"ಟೀ ತರಿಸ್ಲಾ ಸಾರ್, ಇಲ್ಲ ಪೊಲೀಸ್ನೋರ್ನ ಕರೀಲಾ?" ಎಂದ ಕದಿರೇಶ.

ಟೀ ಎಂದೆ. ಗಂಗುಲಪ್ಪ ಹೇಳಿ ಬರೆಸುತ್ತಿದ್ದಾನೆಯೇ ಎಂದು ಅವಳನ್ನು ಕೇಳಿದೆ.

"ಅವ್ರಿಗೆ ಫೋನಲ್ಲಿ ಹಸ್ರು ಗುಂಡಿ ಒಂದೇ ಗೊತ್ತಿರೋದು. ಇನ್ನೊಂದು ಗುಂಡೀನೂ ನಾನೇ ಒತ್ತಿ ಕೊಡ್ಬೇಕು. ಇದು ನಾನೇ ಬರ್ದಿದ್ದು ಅಣ್ಣ. ಡೈರಿಯೋರು ಕಂಪ್ಯೂಟರ್ ಕಲ್ಸಿದ್ರಲ್ಲ."

"ಅದ್ಸರಿ, ನಿಂಗ್ಯಾಕಮ್ಮ ಇಷ್ಟು ಹಟ? ಸೊಸೆಯಾಗಿ ಬಂದೋಳು ನೀನು. ನಿಮ್ಮೂರು ಸುಗಟೂರು."

ಅವಳು ಚೀಲದ ಹಿಡಿಯನ್ನು ಸರಿ ಮಾಡಿದಳು. "ಆಸ್ಪತ್ರೇಲಿ ವದಿನ ಹತ್ರ ನಾನಿದ್ದೆ. ನೀವು ಮಾತ್ರೆ ತರೋಕೆ ಹೋಗಿದ್ರಿ. ‘ಆದೀ, ಪಲ್ಲಿಕಿ ಪೋದಾಮೇ’ ಅಂದ್ರು. ಊರಿಗೆ ಹೋಗೋಣ ಅಂತ. ಹಳ್ಳಿ ಅನ್ಲಿಲ್ಲ ಅಣ್ಣ."

ಇದಕ್ಕೆ ಆಧಾರ ಕೇಳಬೇಕಿತ್ತು. ಒಬ್ಬಳೇ ಸಾಕ್ಷಿ, ಅದೂ ಗಂಡನ ಅಕ್ಕ ಮುತ್ಯಾಲುವನ್ನು ತೆಲುಗಿನಲ್ಲಿ ವದಿನ ಎನ್ನುವ ಬಾಯಿ, ಅಚ್ಚಾದ ಮೂಲ ಯಾವುದೂ ಇಲ್ಲ. ಚರ್ಚೆ ಪುಟದಲ್ಲಾಗಿದ್ದರೆ ಅಲ್ಲಿಯೇ ಹಿಡಿಯುತ್ತಿದ್ದೆ. ಟೀ ಬಂದಿತ್ತು, ಆರಿಹೋಗುತ್ತಿತ್ತು, ಆದ್ದರಿಂದ ಕುಡಿದೆ.

ಹೋಗುವಾಗ ಅವಳು, "ಆದ್ರೂ ನಾನು ಒಪ್ಪಲ್ಲ," ಎಂದಳು. "ನಾನೂ ಒಪ್ಪಲ್ಲ," ಎಂದೆ. ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದೆ. ಈಗಿನ ಟೀಸಿ ಬಸ್ಸನ್ನು ತಡವಾಗಿ ಬಿಡುತ್ತಾನೆ.

೨೧ ಮೇ, ಬುಧವಾರ

ನಾವು ಇಬ್ಬರೆಂದು ರುಜುವಾತು ಮಾಡಬೇಕಂತೆ. ಅರವತ್ತು ದಾಟಿದವನು, ತಾನು ಹಾಲಿನ ಡೈರಿಯ ಹೆಂಗಸಲ್ಲ ಎಂದು ಮುಖ ಕಾಣದವನೊಬ್ಬನಿಗೆ ಅರ್ಜಿ ಹಾಕಬೇಕು. ಕದಿರೇಶ ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಫೋಟೋ ತೆಗೆದು ಏರಿಸಿದ. "ಸ್ವಲ್ಪ ನಗ್ರಿ ಸಾರ್, ಇಲ್ದಿದ್ರೆ ಬೊಂಬೆ ಅಂತಾನೇ ಅಂದ್ಕೊಳ್ತಾರೆ ಅವ್ರು."

ಸಂಜೆಗೆ ಎರಡು ಆದೇಶ ಬಂದವು. ಮೊದಲನೆಯದು: ಇಬ್ಬರೆಂದು ಒಪ್ಪಲಾಗಿದೆ, ನಿರ್ಬಂಧ ತೆರವು. ಎರಡನೆಯದು: ಫೋಟೋಗೆ ಹಕ್ಕುಸ್ವಾಮ್ಯದ ಪರವಾನಗಿ ನಮೂದಿಸಿಲ್ಲ, ಅಳಿಸಲಾಗಿದೆ. ನಾವು ಇಬ್ಬರೆಂಬುದು ಈಗ ಮತ್ತೆ ಆಧಾರವಿಲ್ಲದ ಮಾತಾಯಿತು.

ಗಂಗುಲಪ್ಪ ಅವಳನ್ನು ಕರೆದುಕೊಂಡು ಹೋಗಲು ಸ್ಕೂಟರಿನಲ್ಲಿ ಬಂದಿದ್ದ. ಹೊರಗೇ ನಿಂತಿದ್ದ. ನಾನೂ ಒಳಗೇ ನಿಂತಿದ್ದೆ. ಕೊನೆಗೆ ಅವನೇ, "ಏಮ್ ಬಾವ, ಇಳಿದೋಗಿದ್ದೀರ," ಎಂದ. "ನೀನೇನು ದಪ್ಪ ಆಗಿದ್ದೀಯಾ," ಎಂದೆ. ಸ್ಕೂಟರಿನ ಹಿಂದೆ ಒಂದು ಚೀಲ ಬಾದಾಮಿ ಮಾವಿತ್ತು, ಮರೆತವನಂತೆ ಬೆಂಚಿನ ಮೇಲೆ ಬಿಟ್ಟು ಹೋದ.

೨೮ ಮೇ, ಬುಧವಾರ

ಕೊನೆಯ ದಿನ. ಆದಿಲಕ್ಷ್ಮಿ ನನ್ನ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಮಚಿತ್ತನ ತೀರ್ಪು ಬಂದಿತ್ತು. ಪುಟ ತೆಗೆಯುವ ಬದಲು ಅವನು ಇನ್ನೊಂದು ನಿಯಮ ಹುಡುಕಿದ್ದ. ಒಮ್ಮತ ಆಗದಿದ್ದಾಗ, ಪುಟವನ್ನು ಮೊದಲು ಸೃಷ್ಟಿಸಿದವನು ಇಟ್ಟ ಹೆಸರೇ ಉಳಿಯಬೇಕೆಂಬುದು ನಿಯಮ. ‘ಆದ್ದರಿಂದ ನಿಯಂತ್ರಕರು ಹೆಸರನ್ನು ತಮ್ಮ ಕೈಯಿಂದಲೇ ಕೊನೆಯ ಸಲ ನಮೂದಿಸಲಿ. ಕೂಡಲೇ ಪುಟಕ್ಕೆ ಬೀಗ ಹಾಕುತ್ತೇನೆ. ಆಮೇಲೆ ಯಾರೂ ತಿದ್ದುವಂತಿಲ್ಲ.’

ಗೆದ್ದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ. ವಾದದಲ್ಲಿ ನಾನೇ ಗೆದ್ದದ್ದು.

"ಒತ್ತಿ ಅಣ್ಣ," ಎಂದಳು ಆದಿಲಕ್ಷ್ಮಿ. "ಪುಟ ಉಳೀಲಿ, ಸಾಕು." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು. ಅತ್ತ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು.

ಒತ್ತಿದೆ. ಇಲ್ಲಿ ಸ್ವಲ್ಪ ತಪ್ಪಾಯಿತು. ಈ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇಂಗ್ಲಿಷ್ ಕೀ ಒತ್ತಬೇಕು. ಎಚ್ ಒತ್ತುವ ಕಡೆ ಬೆರಳು ಪಿ ಮೇಲೆ ಬಿತ್ತು. ಹೊಸ ಕನ್ನಡಕ ಬೇಕು. ‘ಳ್ಳಿ’ ಬರಲು ದೊಡ್ಡ ಎಲ್ ಒತ್ತಬೇಕಿತ್ತು, ಚಿಕ್ಕದು ಒತ್ತಿದೆ, ‘ಲ್ಲಿ’ ಬಂತು. ಮಧ್ಯದಲ್ಲಿ ಒಂದು ಯು ಕೂಡ ಹೇಗೋ ಸೇರಿ ‘ಮಾನ’ ‘ಮಾನು’ ಆಯಿತು. ಸಂಜೆಯ ಹೊತ್ತು ಈ ಸೆಂಟರಿನಲ್ಲಿ ಬೆಳಕು ಸಾಲದು. ತಿದ್ದೋಣ ಎಂದು ನೋಡುವಷ್ಟರಲ್ಲಿ ಸಮಚಿತ್ತ ಬೀಗ ಹಾಕಿಬಿಟ್ಟಿದ್ದ. ಈ ಒಂದು ಕೆಲಸ ಮಾತ್ರ ಅವನು ಹೊತ್ತಿಗೆ ಸರಿಯಾಗಿ ಮಾಡಿದ.

"ಎಚ್ಚು ಪೀಯಿ ಪಕ್ಕಪಕ್ಕ ಇಲ್ವಲ್ಲ ಸಾರ್," ಎಂದ ಕದಿರೇಶ, ಕೀಬೋರ್ಡು ತೋರಿಸುತ್ತ. "ಅದೆಲ್ಲಿ, ಇದೆಲ್ಲಿ."

ನಿನಗೇನು ಗೊತ್ತು ವಯಸ್ಸಾದವರ ಬೆರಳು, ಕೆಲಸ ನೋಡು ಎಂದೆ. ಆದಿಲಕ್ಷ್ಮಿ ಪರದೆಯ ಮೇಲಿನ ಹೆಸರನ್ನು ಒಂದು ಸಲ ಮೆಲ್ಲಗೆ ಓದಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಧೂಳಿಗೆ ಅವಳಿಗೆ ಮೊದಲಿಂದಲೂ ಆಗುವುದಿಲ್ಲ.

ನನ್ನ ಅಭಿಪ್ರಾಯ ಬದಲಾಗಿಲ್ಲ. ವ್ಯಾಕರಣದ ಪ್ರಕಾರ ಅದು ಹಳ್ಳಿಯೇ. ಬೀಗ ತೆಗೆಸಲು ಅರ್ಜಿ ಹಾಕಬಹುದಂತೆ, ಆರು ನಿಯಮ ಓದಬೇಕು. ಈ ವಾರ ಬಿಡುವಿಲ್ಲ. ಶನಿವಾರ ತೋಟದಲ್ಲಿ ಹಣ್ಣು ಕೀಳಿಸುತ್ತಾನಂತೆ ಗಂಗುಲಪ್ಪ, ಬೆಳಗಿನ ಮೊದಲ ಬಸ್ಸಿಗೆ ಪಲ್ಲಿಗೆ ಹೋಗಬೇಕು.